ಮುತ್ತಜ್ಜನ ತಗಡಿನ ಡಬ್ಬಿಯಲ್ಲಿದ್ದ ಪದಕಗಳು ಮತ್ತು ಹಿತ್ತಾಳೆ ಬಿಲ್ಲೆ: ಗುರುತಿಸಲು ನೆರವು ಬೇಕು

ಜೋಗಿಮಟ್ಟಿ (ಚಿತ್ರದುರ್ಗ)

ನಮ್ಮ ತಾಯಿಯ ತವರು ಹೊಳಲ್ಕೆರೆ ಕಡೆಯ ಒಂದು ಹಳ್ಳಿ. ಈಚೆಗೆ ಆ ಮನೆ ಪಾಲಾದಾಗ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ನನ್ನ ಪಾಲಿಗೆ ಬಂತು. ಅದನ್ನು ಬೇರೆ ಯಾರೂ ಕೇಳಲಿಲ್ಲ ಎಂಬುದೂ ನಿಜ. ಅದರಲ್ಲಿ ಕಂಚಿನ ಬಣ್ಣದ ಒಂದು ದುಂಡು ಪದಕವಿದೆ. ಒಂದು ಬದಿಯಲ್ಲಿ ದೊರೆಯ ತಲೆ, ಇನ್ನೊಂದು ಬದಿಯಲ್ಲಿ ಕುದುರೆಯ ಮೇಲೆ ಬೆತ್ತಲೆಯಾಗಿ ಕುಳಿತ ಸವಾರ, ಅವನ ಎಡಬಲಗಳಲ್ಲಿ 1914 ಮತ್ತು 1918 ಎಂಬ ವರ್ಷಗಳಿವೆ. ರಿಬ್ಬನ್ ಇಲ್ಲ. ಇದಲ್ಲದೆ ಒಂದೇ ಪಿನ್ನಿಗೆ ಸಿಕ್ಕಿಸಿದ ಎರಡು ಬಿಳಿ ಲೋಹದ ಪದಕಗಳಿವೆ: ಒಂದರಲ್ಲಿ ಭಾರತದ ಭೂಪಟ, ಇನ್ನೊಂದರಲ್ಲಿ ಯಾವುದೋ ಪ್ರಾಣಿಯ ಮೇಲೆ ನಿಂತ ಸಿಂಹ. ಕೊನೆಯದು ಗಂಡಭೇರುಂಡವಿರುವ, ಅಂಗೈಯಗಲದ, ಮೊಟ್ಟೆಯಾಕಾರದ ಹಿತ್ತಾಳೆ ಬಿಲ್ಲೆ.

ನಮ್ಮ ಮುತ್ತಜ್ಜ ಮೈಸೂರು ಸಂಸ್ಥಾನದ ಕುದುರೆ ದಳವಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದರು, ಮೊದಲನೆಯ ಮಹಾಯುದ್ಧದಲ್ಲಿ ಪ್ಯಾಲೆಸ್ಟೈನಿನ ಹೈಫಾದಲ್ಲಿ ಈಟಿ ಹಿಡಿದು ನುಗ್ಗಿದ್ದರು ಎಂಬುದು ಮನೆಯಲ್ಲಿ ಎಲ್ಲರೂ ಹೇಳುವ ಮಾತು. ಪ್ರತಿ ವರ್ಷ ಆಯುಧಪೂಜೆಯ ದಿನ ಈ ಡಬ್ಬಿಯನ್ನು ತೆಗೆದು, ಪದಕಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ, ಕುಡುಗೋಲು ನೇಗಿಲುಗಳ ಪಕ್ಕದಲ್ಲಿಟ್ಟು ಕುಂಕುಮ ಹಚ್ಚುತ್ತಿದ್ದರು. ಹಳೆಯ ವಸ್ತುಗಳನ್ನು ಕೊಳ್ಳುವ ಒಬ್ಬರಿಗೆ ತೋರಿಸಿದಾಗ, ‘ಅಸಲಿ ಪದಕ ಬೆಳ್ಳಿಯದು, ಇದು ಯಾರೋ ಆಮೇಲೆ ಮಾಡಿಸಿದ ಕಂಚಿನ ನಕಲು’ ಎಂದು ಹೇಳಿ ಇನ್ನೂರು ರೂಪಾಯಿ ಕೊಡಲು ಮುಂದೆ ಬಂದರು. ಕೊಡಲಿಲ್ಲ. ಅವರು ಹೇಳಿದ್ದು ಸರಿಯೇ ಎಂಬುದು ನನ್ನ ಮೊದಲ ಪ್ರಶ್ನೆ.

ನಿವೃತ್ತ ಸುಬೇದಾರ (ದಾವಣಗೆರೆ)

ಸರಿಯಲ್ಲ. ಅವರಿಗೆ ತಿಳಿದಿರಲಿಲ್ಲವೋ, ತಿಳಿದೂ ಹಾಗೆ ಹೇಳಿದರೋ, ಅದು ಬೇರೆ ಮಾತು. ನೀವು ವರ್ಣಿಸಿರುವುದು ಬ್ರಿಟಿಷ್ ವಾರ್ ಮೆಡಲ್, ಮೊದಲನೆಯ ಮಹಾಯುದ್ಧಕ್ಕಾಗಿ ಕೊಟ್ಟ ಪದಕ. ಮುಮ್ಮುಖದಲ್ಲಿರುವುದು ಐದನೆಯ ಜಾರ್ಜ್. ಹಿಮ್ಮುಖದ ಸವಾರ ಸಂತ ಜಾರ್ಜ್. ಕುದುರೆಯ ಕಾಲಡಿಯಲ್ಲಿ ಹದ್ದಿನ ಗುರಾಣಿಯೂ ತಲೆಬುರುಡೆ ಮೂಳೆಗಳೂ ಕಾಣಬೇಕು, ನೋಡಿ. ಇದರ ವ್ಯಾಸ 36 ಮಿಲಿಮೀಟರ್. ಹೆಚ್ಚಿನವು ಬೆಳ್ಳಿಯವು ಎಂಬುದು ನಿಜವಾದರೂ ಅದೇ ಅಚ್ಚಿನಲ್ಲಿ ಕಂಚಿನ ಪದಕಗಳೂ ಅಧಿಕೃತವಾಗಿಯೇ ತಯಾರಾದವು. ಭಾರತ, ಚೀನಾ, ಮಾಲ್ಟಾ ಮೊದಲಾದ ಕಡೆಗಳಿಂದ ಹೋದ ಕೂಲಿ ದಳಗಳವರಿಗೂ, ಸೈನ್ಯದ ಜೊತೆಗಿದ್ದ ಪರಿಚಾರಕರಿಗೂ ಕಂಚಿನದನ್ನು ಕೊಟ್ಟರು. ಎಣಿಕೆಯಲ್ಲಿ ಇವು ಬೆಳ್ಳಿಯವುಗಳಿಗಿಂತ ಬಹಳ ಕಡಿಮೆ, ಆದ್ದರಿಂದ ಬಲ್ಲ ಸಂಗ್ರಾಹಕರು ಇವನ್ನೇ ಹುಡುಕುತ್ತಾರೆ.

ಇನ್ನು ಮುಂದಿನ ಮಾತೆಲ್ಲ ಪದಕದ ಮುಖಗಳನ್ನು ಬಿಟ್ಟು ಅಂಚಿಗೆ ಸೇರಿದ್ದು. ಮುಖಗಳು ಲಕ್ಷಾಂತರ ಪದಕಗಳಲ್ಲಿ ಒಂದೇ ಆಗಿರುತ್ತವೆ, ಅಂಚಿನಲ್ಲಿ ಮಾತ್ರ ಪಡೆದವನ ಸಂಖ್ಯೆ, ದರ್ಜೆ, ಹೆಸರು, ದಳ ಇರುತ್ತವೆ. ಕತ್ತಲ ಕೋಣೆಯಲ್ಲಿ ಮೊಬೈಲಿನ ದೀಪವನ್ನು ಅಂಚಿಗೆ ಓರೆಯಾಗಿ ಹಿಡಿದು, ಪದಕವನ್ನು ನಿಧಾನವಾಗಿ ತಿರುಗಿಸುತ್ತಾ ಒಂದೊಂದೇ ಅಕ್ಷರವನ್ನು ಬರೆದುಕೊಳ್ಳಿ. ಅಕ್ಷರ ಸವೆದಿದ್ದರೆ ತೆಳ್ಳನೆಯ ಕಾಗದವನ್ನು ಸುತ್ತಿ ಮೇಲೆ ಪೆನ್ಸಿಲ್ ಆಡಿಸಿ. ಅಲ್ಲಿಯವರೆಗೆ ದಯವಿಟ್ಟು ಹುಣಸೆಹಣ್ಣನ್ನು ಸಾರಿಗೇ ಉಳಿಸಿ.

ಚೌಕಿಪೇಟೆಯ ತಕ್ಕಡಿ (ದಾವಣಗೆರೆ)

ನಮ್ಮದು ಮೂರು ತಲೆಮಾರಿನ ಚಿನಿವಾರ ಕೆಲಸ, ಆದ್ದರಿಂದ ತಪ್ಪೊಪ್ಪಿಗೆಯಿಂದಲೇ ಆರಂಭಿಸುತ್ತೇನೆ. ಬೆಳ್ಳಿಯ ವಾರ್ ಮೆಡಲ್‌ನಲ್ಲಿ ಸುಮಾರು ಒಂದು ಔನ್ಸ್ ಬೆಳ್ಳಿಯಿರುತ್ತದೆ. 1979–80ರಲ್ಲಿ ಲೋಕದಲ್ಲೆಲ್ಲ ಬೆಳ್ಳಿಯ ಬೆಲೆ ಏಕಾಏಕಿ ಏರಿದಾಗ ಇಂಥ ಎಷ್ಟೋ ಪದಕಗಳು ಕುಲುಮೆ ಸೇರಿದವು, ನಮ್ಮ ಅಂಗಡಿಗೆ ಬಂದವುಗಳೂ ಅದೇ ದಾರಿ ಹಿಡಿದವು. ತೂಗುತ್ತಿದ್ದವರು ಅಂಚಿನ ಹೆಸರನ್ನು ಓದುತ್ತಿರಲಿಲ್ಲ. ಕಂಚಿನವುಗಳನ್ನು ಯಾರೂ ಕರಗಿಸಲಿಲ್ಲ, ಏಕೆಂದರೆ ಕರಗಿಸಿ ಸಿಗುವುದೇನೂ ಇರಲಿಲ್ಲ. ಬಡವನ ಪದಕ ಉಳಿದದ್ದು ಹೀಗೆ.

ಅಸಲಿ ನಕಲಿ ನೋಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಟಂಕಸಾಲೆಯ ಪದಕವನ್ನು ಉಕ್ಕಿನ ಅಚ್ಚಿನಿಂದ ಒತ್ತಿರುತ್ತಾರೆ. ಕೂದಲ ಎಳೆ, ಕುದುರೆಯ ಸ್ನಾಯು, ಅಕ್ಷರದ ಮೂಲೆ ಎಲ್ಲವೂ ಚೂಪಾಗಿರುತ್ತವೆ, ಹಿನ್ನೆಲೆ ನಯವಾಗಿರುತ್ತದೆ. ನಕಲು ಮಾಡುವವರು ಅಸಲಿಯಿಂದ ಪಡಿಯಚ್ಚು ತೆಗೆದು ಎರಕ ಹೊಯ್ಯುತ್ತಾರೆ. ಲೋಹ ಆರುವಾಗ ಕುಗ್ಗುವುದರಿಂದ ಎರಕದ ಪದಕ ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ, ಮೈಮೇಲೆ ಸೂಜಿಮೊನೆಯಂತಹ ಗುಳಿಗಳು ಬೀಳುತ್ತವೆ, ಅಂಚಿನ ಸುತ್ತ ಅರ ಆಡಿಸಿದ ಗೆರೆ ಉಳಿಯುತ್ತದೆ. ಒಂದು ವರ್ನಿಯರ್ ಕ್ಯಾಲಿಪರ್, ಒಂದು ಭೂತಗನ್ನಡಿ, ಸಣ್ಣ ತಕ್ಕಡಿ, ಇಷ್ಟಿದ್ದರೆ ಹತ್ತರಲ್ಲಿ ಎಂಟು ನಕಲಿಗಳು ನಿಮ್ಮ ಮನೆಯ ಕಟ್ಟೆಯ ಮೇಲೆಯೇ ಸಿಕ್ಕಿಬೀಳುತ್ತವೆ.

ಜೋಗಿಮಟ್ಟಿ

ಅಂಚನ್ನು ಓದಿದೆ. ಎರಡು ಸಂಜೆ ಹಿಡಿಯಿತು. ಮೊದಲು ಒಂದು ಸಂಖ್ಯೆ, ಅದರ ಕೊನೆಯ ಅಂಕಿ ಪೂರ್ತಿ ಸವೆದಿದೆ. ಆಮೇಲೆ ‘ಸೈಸ್’ ಎಂದು ಓದಬಹುದಾದ ನಾಲ್ಕು ಇಂಗ್ಲಿಷ್ ಅಕ್ಷರಗಳು. ಆಮೇಲೆ ಮುತ್ತಜ್ಜನ ಹೆಸರು, ಕಾಗುಣಿತ ಕೆಟ್ಟಿದ್ದರೂ ಅವರದೇ. ಕೊನೆಯಲ್ಲಿ ಮೈಸೂರು ಎಂದೂ ಲ್ಯಾನ್ಸರ್ಸ್ ಎಂಬುದರ ಸಂಕ್ಷೇಪವೂ ಇವೆ. ಸೈಸ್ ಎಂದರೆ ಕುದುರೆಯ ಚಾಕರಿಯವನಲ್ಲವೇ? ಇದನ್ನು ನಮ್ಮ ಸೋದರಮಾವನಿಗೆ ಹೇಳಿದಾಗ ಅವರು ಬಹಳ ನೊಂದುಕೊಂಡರು. ಸವಾರನ ಪದಕವನ್ನು ಕದ್ದು ಚಾಕರಿಯವನದನ್ನು ಯಾರೋ ಇಟ್ಟಿದ್ದಾರೆ ಎಂಬುದು ಈಗ ಅವರ ವಾದ.

ನಿವೃತ್ತ ಸುಬೇದಾರ

ಹೆಸರು ನಿಮ್ಮ ಮುತ್ತಜ್ಜನದೇ ಆಗಿರುವಾಗ ಕಳವಿನ ಮಾತು ನಿಲ್ಲುವುದಿಲ್ಲ. ಕಂಚು ಮತ್ತು ಸೈಸ್ ಎಂಬ ದರ್ಜೆ ಒಂದಕ್ಕೊಂದು ಸಾಕ್ಷಿ ಹೇಳುತ್ತಿವೆ. ಬೆಳ್ಳಿಯ ಪದಕದ ಮೇಲೆ ಸೈಸ್ ಎಂದೋ ಕಂಚಿನದರ ಮೇಲೆ ಸವಾರ ಎಂದೋ ಇದ್ದಿದ್ದರೆ ನಾನು ಅನುಮಾನಿಸುತ್ತಿದ್ದೆ.

ಹೈಫಾ ಬಗ್ಗೆ ಸ್ವಲ್ಪ ಎಚ್ಚರದಿಂದ ಮಾತನಾಡೋಣ. ಮೈಸೂರು ಲ್ಯಾನ್ಸರ್ಸ್ ಹೈದರಾಬಾದ್ ಮತ್ತು ಜೋಧಪುರ ಲ್ಯಾನ್ಸರ್ಸ್ ಜೊತೆಗೆ 15ನೆಯ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಎಂಬ, ಸಂಸ್ಥಾನಗಳ ಕುದುರೆ ಪಡೆಯಲ್ಲಿತ್ತು. 1915ರಲ್ಲಿ ಸೂಯೆಜ್ ಕಾಲುವೆಯ ಕಾವಲಿನಿಂದ ಹಿಡಿದು ಪ್ಯಾಲೆಸ್ಟೈನ್ ದಂಡಯಾತ್ರೆಯವರೆಗೆ ಈಜಿಪ್ಟ್ ಕಡೆಯ ರಣರಂಗದಲ್ಲಿಯೇ ಇತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಹಿಡಿದಾಗ ಜೋಧಪುರದವರು ಊರಿನೊಳಕ್ಕೆ ನುಗ್ಗಿದರು. ಮೈಸೂರಿನ ಒಂದು ಸ್ಕ್ವಾಡ್ರನ್ ಕಾರ್ಮೆಲ್ ಗುಡ್ಡವನ್ನೇರಿ ಮೇಲಿದ್ದ ತೋಪುಗಳನ್ನು ವಶಪಡಿಸಿಕೊಂಡಿತು. ದೆಹಲಿಯ ತೀನ್ ಮೂರ್ತಿಯ ಮೂರು ಯೋಧ ಪ್ರತಿಮೆಗಳಲ್ಲಿ ಒಂದು ನಮ್ಮವರದು.

ಇಷ್ಟು ದಳದ ಇತಿಹಾಸ. ಆದರೆ ಈ ಪದಕಕ್ಕೆ ಯುದ್ಧದ ಹೆಸರಿರುವ ಕ್ಲಾಸ್ಪ್ ಪಟ್ಟಿಗಳಿಲ್ಲ. ಅಂಥವನ್ನು ಕೊಡುವ ಯೋಜನೆಯಿದ್ದರೂ ಖರ್ಚಿಗೆ ಹೆದರಿ ಕೈಬಿಟ್ಟರು. ಆದ್ದರಿಂದ ನಿಮ್ಮ ಮುತ್ತಜ್ಜ ಆ ದಳದೊಡನೆ ಇದ್ದರು ಎಂದು ಪದಕ ಹೇಳುತ್ತದೆ, ಆ ದಿನ ಆ ಗುಡ್ಡದ ಬುಡದಲ್ಲಿದ್ದರು ಎಂದು ಹೇಳುವುದಿಲ್ಲ. ನಿಮ್ಮ ಸೋದರಮಾವನವರಿಗೆ ಇನ್ನೊಂದು ಮಾತು ತಿಳಿಸಿ. ಮರಳುಗಾಡಿನಲ್ಲಿ ನೀರು ಹೊಂಚಿ, ಮೇವು ಹೊಂಚಿ, ಬೆನ್ನಿನ ಹುಣ್ಣು ಮಾಯಿಸಿ, ದಾಳಿಯ ದಿನಕ್ಕೆ ಕುದುರೆಯನ್ನು ಕಾಲ ಮೇಲೆ ನಿಲ್ಲಿಸಿದವನು ಸೈಸನೇ. ನಾನು ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ಕಳೆದವನು. ಅಡಿಗೆಯವನು, ಚಾಲಕ, ಗಾಯಕ್ಕೆ ಪಟ್ಟಿ ಕಟ್ಟುವವನು ಇಲ್ಲದ ಪಲ್ಟನ್ನನ್ನು ನೋಡಿಲ್ಲ.

ಓರೆಗಲ್ಲು (ಭರಮಸಾಗರ)

ನಾನು ಸಂಶಯದ ಮನುಷ್ಯ, ಕ್ಷಮಿಸಬೇಕು. ಹಳೆಯ ಹೆಸರನ್ನು ಉಜ್ಜಿ ಹೊಸ ಹೆಸರನ್ನು ಕೊರೆಯುವ ಪದ್ಧತಿಯೂ ಇದೆಯಲ್ಲವೇ? ಅದನ್ನು ತಳ್ಳಿಹಾಕಿದ್ದು ಹೇಗೆ?

ಚೌಕಿಪೇಟೆಯ ತಕ್ಕಡಿ

ಕೇಳಬೇಕಾದ ಪ್ರಶ್ನೆಯೇ. ಉಜ್ಜಿದರೆ ಲೋಹ ಹೋಗಲೇಬೇಕು. ಆಗ ವ್ಯಾಸವನ್ನು ಮೂರು ನಾಲ್ಕು ಕಡೆ ಅಳೆದರೆ 36 ಮಿಲಿಮೀಟರಿಗಿಂತ ಕಡಿಮೆ ಬರುತ್ತದೆ, ಅದೂ ಒಂದೊಂದು ಕಡೆ ಒಂದೊಂದು ರೀತಿ. ಅಂಚು ಮುಖವನ್ನು ಸೇರುವ ಏಣು ದುಂಡಗಾಗಿರುತ್ತದೆ. ಅಕ್ಷರಗಳಲ್ಲೂ ವ್ಯತ್ಯಾಸವಿದೆ: ಈ ಪದಕದ ಹೆಸರುಗಳನ್ನು ಅಚ್ಚಿನಿಂದ ಒತ್ತಿದ್ದರು, ಆದ್ದರಿಂದ ಎಲ್ಲ ಅಕ್ಷರಗಳೂ ಒಂದೇ ಆಳ, ಒಂದೇ ಎತ್ತರದಲ್ಲಿರುತ್ತವೆ. ಉಳಿಯಿಂದ ಕೊರೆದದ್ದಾದರೆ ಭೂತಗನ್ನಡಿಯಲ್ಲಿ ಗೆರೆಯ ಕೊನೆ ಬಾಲದಂತೆ ಸಣ್ಣಗಾಗುತ್ತದೆ. ಅಲ್ಲದೆ ಹೆಸರು ಬದಲಿಸುವವನು ಸೈಸನನ್ನು ಸುಬೇದಾರನನ್ನಾಗಿ ಮಾಡಿಯಾನೇ ಹೊರತು ಸೈಸನನ್ನು ಇನ್ನೊಬ್ಬ ಸೈಸನನ್ನಾಗಿ ಮಾಡಲು ಕೂಲಿ ಕೊಡುವುದಿಲ್ಲ.

ಜೋಗಿಮಟ್ಟಿ

ಅಳೆದೆ. ನಾಲ್ಕೂ ಕಡೆ 36ಕ್ಕೆ ಒಂದು ಗೆರೆಯೂ ಕಡಿಮೆಯಿಲ್ಲ. ಈಗ ಪಿನ್ನಿನಲ್ಲಿರುವ ಎರಡು ಪದಕಗಳ ವಿಚಾರ. ಇವು ನಮ್ಮ ಅಜ್ಜನ ತಮ್ಮನವು ಎಂದು ಗೊತ್ತು. ಅಂಚಿನಲ್ಲಿ ಅವರ ಸಂಖ್ಯೆ, ‘ಡಿವಿಆರ್’ ಎಂಬ ಮೂರು ಅಕ್ಷರ, ಹೆಸರು, ಆಮೇಲೆ ‘ಆರ್.ಐ.ಎ.ಎಸ್.ಸಿ.’ ಎಂದಿದೆ.

ನಿವೃತ್ತ ಸುಬೇದಾರ

ಡಿವಿಆರ್ ಎಂದರೆ ಡ್ರೈವರ್. ದಳ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಅಂದರೆ ಸೇನೆಗೆ ಆಹಾರ ಮತ್ತು ಸಾಗಣೆ ಒದಗಿಸುತ್ತಿದ್ದ ದಳ. ಡ್ರೈವರ್ ಎಂದ ಮಾತ್ರಕ್ಕೆ ಲಾರಿ ಎಂದುಕೊಳ್ಳಬೇಡಿ, ಹೇಸರಗತ್ತೆ ನಡೆಸುವವನಿಗೂ ಅದೇ ಹೆಸರು. ತಂದೆ ಕುದುರೆಯೊಡನೆ ಹೋದವರು, ಮಗ ಹೇಸರಗತ್ತೆಯೊಡನೆ ಹೋಗಿದ್ದರೂ ನನಗೆ ಆಶ್ಚರ್ಯವಿಲ್ಲ. ಇದು ನನ್ನ ಊಹೆ, ಬರೆದಿಟ್ಟುಕೊಳ್ಳಬೇಡಿ.

ಭೂಪಟವಿರುವುದು ಇಂಡಿಯಾ ಸರ್ವಿಸ್ ಮೆಡಲ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತೀಯ ಪಡೆಗಳಲ್ಲಿ ಮೂರು ವರ್ಷ ಸೇವೆ ಸಲ್ಲಿಸಿದವರಿಗೆ ಕೊಟ್ಟದ್ದು. ಸಿಂಹವಿರುವುದು ವಾರ್ ಮೆಡಲ್ 1939–45. ಕಾಲಡಿಯ ಪ್ರಾಣಿ ಎರಡು ತಲೆಯ ಡ್ರ್ಯಾಗನ್. ಇಪ್ಪತ್ತೆಂಟು ದಿನದ ಸೇವೆಗೂ ಅದನ್ನು ಕೊಟ್ಟಿದ್ದರಿಂದ ಬಹಳ ಸಾಮಾನ್ಯ ಪದಕವದು. ಎರಡೂ ತಾಮ್ರ-ನಿಕ್ಕಲ್ ಮಿಶ್ರಲೋಹದವು, ಬೆಳ್ಳಿಯಲ್ಲ. ಬ್ರಿಟನ್ನಿನ ಸೈನಿಕರಿಗೆ ಈ ಯುದ್ಧದ ಪದಕಗಳನ್ನು ಹೆಸರಿಲ್ಲದೆಯೇ ಕೊಟ್ಟರು, ಭಾರತೀಯರಿಗೆ ಕೊಟ್ಟವುಗಳಲ್ಲಿ ಹೆಸರು ಒತ್ತಿದ್ದರು. ಈ ಒಂದು ವಿಷಯದಲ್ಲಿ ನಾವು ಅದೃಷ್ಟವಂತರು.

ಪಿನ್ನಿನಲ್ಲಿ ಇನ್ನೊಂದು ಪದಕಕ್ಕೆ ಜಾಗ ಖಾಲಿಯಿದೆಯೇ?

ಜೋಗಿಮಟ್ಟಿ

ಇದೆ. ಎಡಗಡೆ ಒಂದರ ಜಾಗ ಖಾಲಿ, ಕಡುನೀಲಿ ಮತ್ತು ಕೆಂಪು ದಾರದ ನಾಲ್ಕೆಳೆಗಳು ಪಿನ್ನಿಗೆ ಅಂಟಿಕೊಂಡಿವೆ. ಅದನ್ನು ಹೇಗೆ ಊಹಿಸಿದಿರಿ?

ನಿವೃತ್ತ ಸುಬೇದಾರ

ಸಾಲಿನಲ್ಲಿ ಸ್ಟಾರುಗಳು ಮೊದಲು ಬರುತ್ತವೆ, ದುಂಡು ಪದಕಗಳು ಆಮೇಲೆ. ನಿಮ್ಮ ಪಿನ್ನಿನ ಆರಂಭವೇ ಖಾಲಿಯಿರುವುದರಿಂದ ಕಳೆದುಹೋಗಿರುವುದು ಆರು ಮೊನೆಯ ಒಂದು ಸ್ಟಾರ್ ಇರಬೇಕು. ಬರ್ಮಾ ರಣರಂಗದಲ್ಲಿದ್ದವರಿಗೆ ಕೊಟ್ಟ ಬರ್ಮಾ ಸ್ಟಾರಿನ ರಿಬ್ಬನ್ನಿನಲ್ಲಿ ನಡುವೆ ಅಗಲವಾದ ಕೆಂಪು ಪಟ್ಟೆ, ಎರಡೂ ಬದಿ ಕಡುನೀಲಿ, ಆ ನೀಲಿಯ ನಡುವೆ ಕಿತ್ತಳೆ ಗೆರೆ ಇರುತ್ತವೆ. ನಾಲ್ಕೆಳೆಯನ್ನು ನಂಬಿ ತೀರ್ಪು ಕೊಡಲಾರೆ. ಒಂದಾದರೂ ಕಿತ್ತಳೆ ಎಳೆ ಸಿಕ್ಕರೆ ನನ್ನ ಧೈರ್ಯ ಹೆಚ್ಚುತ್ತದೆ.

ಆದರೆ ಸಾಲು ತುಂಬಲೆಂದು ಹೊರಗಿನಿಂದ ಒಂದು ಬರ್ಮಾ ಸ್ಟಾರ್ ಕೊಂಡು ತಂದು ಸಿಕ್ಕಿಸಬೇಡಿ. ಭಾರತೀಯರಿಗೆ ಕೊಟ್ಟ ಸ್ಟಾರಿನ ಹಿಂಬದಿಯಲ್ಲಿ ಅವರ ಹೆಸರಿರುತ್ತದೆ. ನೀವು ತರುವುದು ಹೆಸರಿಲ್ಲದ್ದಾಗಿರುತ್ತದೆ, ಇಲ್ಲವೇ ಇನ್ನೊಬ್ಬರ ಮನೆಯದಾಗಿರುತ್ತದೆ. ಖಾಲಿ ಜಾಗ ಖಾಲಿಯಾಗಿಯೇ ಇರಲಿ.

ತುಂಗಭದ್ರೆಯ ಗುಂಡಿ (ಹರಿಹರ)

ಬಿಲ್ಲೆಯ ಬಗ್ಗೆ ಯಾರೂ ಮಾತನಾಡಲಿಲ್ಲ, ಅದು ನನ್ನ ಕ್ಷೇತ್ರ. ಗಂಡಭೇರುಂಡ ಕಂಡ ಕೂಡಲೇ ನಮ್ಮವರು ಮೈಸೂರು ಸೈನ್ಯ ಎಂದುಬಿಡುತ್ತಾರೆ. ಅದು ಸಂಸ್ಥಾನದ ಲಾಂಛನ. ಸೈನ್ಯದ ಟೋಪಿಯ ಮೇಲೆ ಇದ್ದಂತೆಯೇ ಪೊಲೀಸರಲ್ಲಿ, ಅರಮನೆಯಲ್ಲಿ, ಅಮಲ್ದಾರರ ಕಚೇರಿಯಲ್ಲಿಯೂ ಇರುತ್ತಿತ್ತು. ಆದ್ದರಿಂದ ಲಾಂಛನಕ್ಕಿಂತ ಹಿಂಬದಿ ಮುಖ್ಯ. ಟೋಪಿಯ ಬ್ಯಾಡ್ಜು ಸಾಮಾನ್ಯವಾಗಿ ಎರಡು ಇಂಚಿಗೆ ಮೀರುವುದಿಲ್ಲ, ಹಿಂದೆ ಎರಡು ಕಿವಿಗಳಾಗಲಿ ಉದ್ದನೆಯ ಒಂದು ನಾಲಿಗೆಯಾಗಲಿ ಇರುತ್ತದೆ, ತೆಳುವಾದ ತಗಡನ್ನು ಅಚ್ಚಿನಲ್ಲಿ ಒತ್ತಿರುವುದರಿಂದ ಮುಂದಿನ ಚಿತ್ರ ಹಿಂದೆ ಗುಳಿಯಾಗಿ ಕಾಣುತ್ತದೆ. ನಿಮ್ಮದು ಅಂಗೈಯಗಲ ಎನ್ನುತ್ತೀರಿ. ಹಿಂದೆ ಏನಿದೆ?

ಜೋಗಿಮಟ್ಟಿ

ಹಿಂಬದಿ ಸಪಾಟಾಗಿದೆ. ಎಡಬಲಗಳಲ್ಲಿ ಚರ್ಮದ ಪಟ್ಟಿ ತೂರುವಂತಹ ಎರಡು ಉದ್ದನೆಯ ಸೀಳುಗಳಿವೆ. ಮುಂದೆ ಗಂಡಭೇರುಂಡದ ಕೆಳಗೆ ಕನ್ನಡ ಅಕ್ಷರಗಳಿದ್ದವು, ತಿಕ್ಕಿ ತಿಕ್ಕಿ ಹೋಗಿವೆ, ‘ಕಚೇರಿ’ ಎಂಬುದು ಮಾತ್ರ ಓದಲು ಬರುತ್ತದೆ.

ತುಂಗಭದ್ರೆಯ ಗುಂಡಿ

ಹಾಗಾದರೆ ಅದು ಸೈನ್ಯದ್ದಲ್ಲ. ಸರ್ಕಾರಿ ಕಚೇರಿಯ ಜವಾನರು ಎದೆಯ ಮೇಲೆ ಅಡ್ಡಲಾಗಿ ಹಾಕಿಕೊಳ್ಳುತ್ತಿದ್ದ ಪಟ್ಟಿಯ ಬಿಲ್ಲೆ. ಸಂಗ್ರಾಹಕರ ಪೆಟ್ಟಿಗೆಗಳಲ್ಲಿ ‘ಸೈನಿಕ ಬ್ಯಾಡ್ಜು’ ಎಂಬ ಚೀಟಿ ಹೊತ್ತು ಕುಳಿತಿರುವ ಇಂಥ ಬಿಲ್ಲೆಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಜೋಗಿಮಟ್ಟಿ

ಇದನ್ನು ಓದಿ ನಮ್ಮ ತಾಯಿ ನಕ್ಕುಬಿಟ್ಟರು. ಅವರ ಅಜ್ಜಿ, ಅಂದರೆ ಮುತ್ತಜ್ಜನ ಹೆಂಡತಿ, ಯಾವಾಗಲೂ ‘ನಮ್ಮೋರು ಜವಾನರಾಗಿದ್ರು’ ಎನ್ನುತ್ತಿದ್ದರಂತೆ. ಯುದ್ಧದಿಂದ ಬಂದ ಮೇಲೆ ದುರ್ಗದ ಕಚೇರಿಯಲ್ಲಿ ಜವಾನರಾಗಿದ್ದರು ಎಂದು ಅವರು ಹೇಳಿರಬೇಕು. ಮೊಮ್ಮಕ್ಕಳು ರೇಡಿಯೋದಲ್ಲಿ ‘ಜೈ ಜವಾನ್’ ಕೇಳಿ ಬೆಳೆದವರು, ಅದನ್ನು ಯೋಧ ಎಂದು ತಿಳಿದುಕೊಂಡರು. ಒಂದೇ ಪದ ಕಚೇರಿಯ ಬಾಗಿಲಿನಿಂದ ಹೈಫಾದವರೆಗೆ ಹೋಗಿಬಂದಿದೆ.

ಓರೆಗಲ್ಲು

ಇಂಥದ್ದೇ ಇನ್ನೊಂದು ಪದದ ಮೋಸವನ್ನೂ ಇಲ್ಲಿ ಸೇರಿಸಬಹುದು. ನಮ್ಮೂರಿನ ಒಬ್ಬರ ಬಳಿ 88ನೆಯ ಕರ್ನಾಟಿಕ್ ಇನ್ಫ್ಯಾಂಟ್ರಿ ಎಂಬ ಕಾಲಾಳು ದಳದ ಪದಕವಿದೆ. ಕರ್ನಾಟಕದ ಪಲ್ಟನ್ ಎಂದು ಅವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. 73, 75, 79, 80, 86, 88ನೆಯ ದಳಗಳ ಹೆಸರಿನಲ್ಲಿದ್ದ ಕರ್ನಾಟಿಕ್ ಎಂಬುದು ಮದ್ರಾಸ್ ಸೈನ್ಯದವರ ಬಾಯಲ್ಲಿ ಆರ್ಕಾಟಿನ ಸೀಮೆ, ನಮ್ಮ ನಾಡಲ್ಲ. ಆ ಪದಕದ ಮೂಲವನ್ನು ಮೈಸೂರು ಸಂಸ್ಥಾನದ ಕಡತಗಳಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ನಿವೃತ್ತ ಸುಬೇದಾರ

ಹೌದು. ಊರಿನ ವಿಚಾರದಲ್ಲೂ ಇದೇ ಎಚ್ಚರ ಬೇಕು. ಚಿತ್ರದುರ್ಗ, ದಾವಣಗೆರೆ, ಜಗಳೂರು ಮೈಸೂರು ಸಂಸ್ಥಾನದಲ್ಲಿದ್ದವು. ಹರಪನಹಳ್ಳಿ 1953ರವರೆಗೆ ಮದ್ರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮೂವತ್ತು ನಲವತ್ತು ಕಿಲೋಮೀಟರಿನ ಅಂತರದ ಎರಡು ಮನೆಗಳ ಕಾಗದಪತ್ರಗಳನ್ನು ಎರಡು ಬೇರೆ ಆಡಳಿತಗಳ ದಾಖಲೆಗಳಲ್ಲಿ ಹುಡುಕಬೇಕಾಗುತ್ತದೆ.

ಇನ್ನೊಂದು ಸುಲಭದ ಗುರುತು ಕಿರೀಟ. ಬ್ಯಾಡ್ಜಿನ ಮೇಲೆ ಬ್ರಿಟಿಷ್ ಕಿರೀಟವಿದ್ದರೆ ಅದು ಗಣರಾಜ್ಯಕ್ಕಿಂತ ಹಿಂದಿನದು. ಅಶೋಕನ ಸಿಂಹಗಳಿದ್ದರೆ ಆಮೇಲಿನದು. ಇದಕ್ಕೂ ವಿಚಿತ್ರವಾದ ಒಂದು ಅಪವಾದವಿದೆ: 1947ರ ಸ್ವಾತಂತ್ರ್ಯದ ಪದಕದಲ್ಲಿ ಅಶೋಕ ಚಕ್ರದ ಮೇಲೆ ಕಿರೀಟ, ಸುತ್ತ ಆರನೆಯ ಜಾರ್ಜನ ಹೆಸರು, ಹಿಂಬದಿಯಲ್ಲಿ ಅಶೋಕನ ಸಿಂಹಗಳು.

ತುಂಗಭದ್ರೆಯ ಗುಂಡಿ

ನನ್ನ ಅಡ್ಡಹೆಸರಿನ ಕಾರಣವನ್ನು ಕೇಳಿ ಇಬ್ಬರು ಖಾಸಗಿಯಾಗಿ ಬರೆದಿದ್ದಾರೆ, ಇಲ್ಲಿಯೇ ಉತ್ತರಿಸುತ್ತೇನೆ. ಹರಿಹರದ ವಾಯವ್ಯಕ್ಕೆ ಎರಡು ಮೈಲಿಯಲ್ಲಿ 1865ರವರೆಗೆ ಒಂದು ದೇಶೀ ಪಲ್ಟನ್ನಿನ ದಂಡು ಬೀಡುಬಿಟ್ಟಿತ್ತು. ಹಾಗಾಗಿ ಇಲ್ಲಿನ ಹಳೆಯ ಮನೆಗಳಲ್ಲಿ ಅಂಕಿಯಿರುವ ಹಿತ್ತಾಳೆ ಗುಂಡಿಗಳು ಆಗಾಗ ಸಿಗುತ್ತವೆ, ಮಕ್ಕಳ ಉಡಿದಾರದಲ್ಲಿ ಪೋಣಿಸಿದ್ದನ್ನೂ ನೋಡಿದ್ದೇನೆ. ಮದ್ರಾಸ್ ನೇಟಿವ್ ಇನ್ಫ್ಯಾಂಟ್ರಿಯಲ್ಲಿ 52 ರೆಜಿಮೆಂಟುಗಳಿದ್ದವು, ಆದರೆ ಬ್ರಿಟನ್ನಿನ ಕಾಲಾಳು ದಳಗಳೂ ಅಂಕಿಯ ಗುಂಡಿಗಳನ್ನೇ ಬಳಸುತ್ತಿದ್ದುದರಿಂದ ಅಂಕಿಯೊಂದನ್ನೇ ನೋಡಿ ಯಾರದೆಂದು ಹೇಳಲಾಗದು.

ಓದುವ ಯುವಕರಿಗೆ ಒಂದು ಎಚ್ಚರಿಕೆ. ಲೋಹಶೋಧಕ ಹಿಡಿದು ದುರ್ಗದ ಕೋಟೆಯೊಳಗೆ ಅಗೆಯುವ ವಿಡಿಯೋಗಳನ್ನು ನೋಡಿ ಮರುಳಾಗಬೇಡಿ. ಕೋಟೆ ಸಂರಕ್ಷಿತ ಸ್ಮಾರಕ, ಅಲ್ಲಿ ಅಗೆಯುವುದು ಅಪರಾಧ. ನಿಮ್ಮದೇ ಹೊಲದ ಮಣ್ಣಿನಲ್ಲಿ ಬೆಲೆಬಾಳುವ ಹಳೆಯ ವಸ್ತು ಸಿಕ್ಕರೂ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಬೇಕು. ನಾನು ಮನೆಗಳಿಂದ ಮಾತ್ರ ಕೊಳ್ಳುತ್ತೇನೆ, ಕೊಟ್ಟವರ ಮನೆತನದ ಮಾತನ್ನು ಅಂದೇ ಬರೆದಿಟ್ಟುಕೊಳ್ಳುತ್ತೇನೆ.

ಜೋಗಿಮಟ್ಟಿ

ಕೊನೆಯ ಎರಡು ಪ್ರಶ್ನೆಗಳು. ಕಂಚಿನ ಪದಕದ ಚಿತ್ರ ನೋಡಿ ವಿದೇಶದ ಒಬ್ಬರು ಒಳ್ಳೆಯ ಬೆಲೆ ಹೇಳಿ ಅಂಚೆಯಲ್ಲಿ ಕಳುಹಿಸಲು ಕೇಳಿದ್ದಾರೆ. ಮಾರುವ ಮನಸ್ಸಿಲ್ಲ, ಆದರೂ ಕಳುಹಿಸಬಹುದೇ ಎಂದು ತಿಳಿಯಬೇಕು. ಎರಡನೆಯದು, ಇವನ್ನು ಇಡುವುದು ಹೇಗೆ?

ಓರೆಗಲ್ಲು

ಕಳುಹಿಸುವಂತಿಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತು ಪುರಾವಸ್ತು. ಖಾಸಗಿಯವರು ಅದನ್ನು ದೇಶದಾಚೆಗೆ ಕಳುಹಿಸುವುದು ನಿಷಿದ್ಧ. ಮೊದಲನೆಯ ಮಹಾಯುದ್ಧದ ಪದಕಗಳು ಒಂದೊಂದಾಗಿ ಆ ಗಡಿಯನ್ನು ದಾಟುತ್ತಿವೆ ಎಂಬುದು ಅನೇಕ ಸಂಗ್ರಾಹಕರಿಗೆ ಇನ್ನೂ ಹೊಳೆದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಚೌಕಿಪೇಟೆಯ ತಕ್ಕಡಿ

ಇಡುವ ವಿಚಾರ ಸರಳ. ತೊಳೆದು ಒಣಗಿಸಿದ ಹಳೆಯ ಹತ್ತಿಬಟ್ಟೆಯಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ಸುತ್ತಿ. ಮೆತ್ತನೆಯ ಪ್ಲಾಸ್ಟಿಕ್ ಲಕೋಟೆ, ರಬ್ಬರ್ ಬ್ಯಾಂಡ್, ಸುದ್ದಿಪತ್ರಿಕೆ ಮೂರೂ ಬೇಡ. ಪ್ಲಾಸ್ಟಿಕ್ಕಿನಿಂದ ಕಂಚಿಗೆ ಹಸಿರು ಕಿಲುಬು ಹತ್ತುತ್ತದೆ, ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಕಂಚಿನ ಕಂದುಬಣ್ಣ ಕೊಳೆಯಲ್ಲ, ಅದು ಲೋಹದ ಮೈಚರ್ಮ. ಆಯುಧಪೂಜೆ ನಿಲ್ಲಿಸಿ ಎಂದು ಹೇಳುವುದಿಲ್ಲ. ಡಬ್ಬಿಗೇ ಕುಂಕುಮ ಹಚ್ಚಿ.

ಜೋಗಿಮಟ್ಟಿ

ಹಾಗೆಯೇ ಮಾಡಿದ್ದೇನೆ. ಒಂದು ನೋಟುಪುಸ್ತಕದಲ್ಲಿ ಪ್ರತಿ ವಸ್ತುವಿಗೂ ಒಂದು ಪುಟ ಕೊಟ್ಟು, ಅಂಚಿನಲ್ಲಿ ಓದಿದ್ದನ್ನು ಒಂದು ಕಡೆ, ಮನೆಯವರು ಹೇಳಿದ್ದನ್ನು ಇನ್ನೊಂದು ಕಡೆ ಬರೆದಿದ್ದೇನೆ. ಬರೆಯುವಾಗ ಡಬ್ಬಿಯ ತಳದಲ್ಲಿ, ನಾನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ, ಬಾಗಿದ ಒಂದು ಕಬ್ಬಿಣದ ಕೊಕ್ಕೆ ಸಿಕ್ಕಿತು. ಬೆಲ್ಲದ ಅಚ್ಚು ಬಿಡಿಸಲು ಬಳಸುತ್ತಿದ್ದೆವು ಎಂದು ಸೋದರಮಾವ ಹೇಳಿದರು. ಕುದುರೆಯ ಗೊರಸಿನ ಕಲ್ಲು ತೆಗೆಯುವ ಕೊಕ್ಕೆ ಇರಬಹುದೇ?

ನಿವೃತ್ತ ಸುಬೇದಾರ

ಆಕಾರ ಹೊಂದುತ್ತದೆ. ಸರ್ಕಾರಿ ಸಾಮಾನಾಗಿದ್ದರೆ ಹಿಡಿಯ ಬಳಿ ಬಾಣದ ಗುರುತು ಒತ್ತಿರುತ್ತಾರೆ, ತುಕ್ಕನ್ನು ಕೆರೆಯದೆ ನೋಡಿ.

ಜೋಗಿಮಟ್ಟಿ

ಗುರುತಿಲ್ಲ. ಐದನೆಯ ಪುಟದಲ್ಲಿ ಹೀಗೆ ಬರೆದಿದ್ದೇನೆ: ‘ಕಬ್ಬಿಣದ ಕೊಕ್ಕೆ, ಉದ್ದ ನಾಲ್ಕೂವರೆ ಇಂಚು, ಗುರುತಿಲ್ಲ. ಮನೆಯವರ ಪ್ರಕಾರ ಬೆಲ್ಲದ್ದು.’ ಕೆಳಗೆ ಸೋದರಮಾವ ತಮ್ಮ ಕೈಯಿಂದಲೇ ಪೆನ್ಸಿಲಿನಲ್ಲಿ ‘ಗೊರಸಿನದ್ದೂ ಇರಬಹುದು’ ಎಂದು ಸೇರಿಸಿದ್ದಾರೆ.